ಒಂದೇ ಸೀಟು, ಕೂತ್ರೆ ಹೊರಟೆ!

ಗೆಂಜೆಬಾಯ್ ನುಕುಸ್‌ನ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಊರ ಸುತ್ತ ಬರೀ ಮರಳುಗಾಡು. ಬೆಟ್ಟವನ್ನು ಅವರು ಕಂಡಿದ್ದು ನಕ್ಷೆಯ ಕಂದು ಬಣ್ಣದಲ್ಲಿ ಮಾತ್ರ. ತರಬೇತಿಗೆಂದು ತಾಷ್ಕೆಂಟ್‌ಗೆ ಹೊರಟಾಗ ತರಗತಿಯ ಹುಡುಗಿಯೊಬ್ಬಳು, "ಸಾರ್, ನೀವು ಬೆಟ್ಟ ನೋಡಿದ್ದೀರಾ?" ಅಂದುಬಿಟ್ಟಳು. "ಭಾನುವಾರ ಬೆಟ್ಟದ ಮೇಲೆ ನಿಂತು ಫೋಟೋ ಕಳಿಸ್ತೀನಿ, ನೋಡ್ತಿರಿ!" ಎಂದು ಮೇಷ್ಟ್ರು ಬಡಾಯಿ ಕೊಚ್ಚಿದರು. ಹೆಂಡತಿ ಪೆರ್ದೆಗುಲ್ ಆ ಫೋಟೋಗೆ ಚೌಕಟ್ಟನ್ನೂ ತಂದಿಟ್ಟಳು. ಭಾನುವಾರ ರಾತ್ರಿಯೇ ವಾಪಸು ರೈಲು.

ಭಾನುವಾರ ಬೆಳಿಗ್ಗೆ ತಾಷ್ಕೆಂಟಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎರ್ಗಾಶ್ ಎಂಬ ಡ್ರೈವರ್ ಕೂಗುತ್ತಿದ್ದ. "ಬೆಟ್ಟ! ಬೆಟ್ಟ! ಒಂದೇ ಸೀಟು! ಕೂತ್ರೆ ಹೊರಟೆ!"

ಕಾರಿನೊಳಗೆ ಒಬ್ಬ ಅಜ್ಜ, ಕರಬೂಜ ಹಣ್ಣನ್ನು ಮಗುವಿನಂತೆ ತಬ್ಬಿಕೊಂಡ ದಪ್ಪನೆಯ ಆಸಾಮಿ, ತೂಕಡಿಸುತ್ತಿದ್ದ ಇನ್ನೊಬ್ಬ. 'ಆಹಾ, ನನ್ನ ಅದೃಷ್ಟವೇ!' ಎಂದು ಮೇಷ್ಟ್ರು, ತಮ್ಮ ಶಾಲೆ, ರಾತ್ರಿಯ ರೈಲು ಎಲ್ಲಾ ಡ್ರೈವರಿಗೆ ಹೇಳುತ್ತಾ ಹತ್ತಿ ಕೂತರು. ಅಜ್ಜ ಇಳಿದ. "ಮಂಡಿ ನೋವು ತಮ್ಮಾ, ಈಗ ಬಂದೆ." ಹಿಂದೆಯೇ ತೂಕಡಿಸುತ್ತಿದ್ದವನೂ ಇಳಿದ. ಆಮೇಲೆ ಕರಬೂಜವೂ ಹೋಯಿತು. ಗಂಟೆ ಕಳೆದ ಮೇಲೆ ಮೇಷ್ಟ್ರು ಕತ್ತು ಹೊರಗೆ ಹಾಕಿ ನೋಡುತ್ತಾರೆ, ಮೂವರೂ ಹಿಂದಿನ ಕಾರಿನಲ್ಲಿ ಕೂತಿದ್ದಾರೆ, ಅದೇ ಕರಬೂಜದ ಸಮೇತ!

"ಏನಜ್ಜ, ಬೆಟ್ಟಕ್ಕೆ ಬರಲ್ವಾ?"

"ಈ ಮಂಡಿ ಇಟ್ಕೊಂಡು ಬೆಟ್ಟಕ್ಕಾ? ಒಳ್ಳೆ ಕತೆ! ನಾವು ಸುಮ್ನೆ ಕೂರೋರಪ್ಪಾ. ಖಾಲಿ ಕಾರಿಗೆ ಯಾರು ಹತ್ತುತ್ತಾರೆ? ಡ್ರೈವರ್ ಚಹಾ ಕುಡಿಸ್ತಾನೆ, ನಮಗೂ ಹೊತ್ತು ಹೋಗುತ್ತೆ."

'ನಕ್ಷೆ ನೋಡಿ ನದಿಗಳ ಹುಟ್ಟು ಹೇಳ್ತೀಯ, ಕರಬೂಜದ ಹುನ್ನಾರ ತಿಳೀಲಿಲ್ವಲ್ಲೋ ಮಂಕೆ!' ಎಂದು ಮೇಷ್ಟ್ರು ತಮಗೆ ತಾವೇ ಉಗಿದುಕೊಂಡರು. ಅಷ್ಟರಲ್ಲಿ ಅಜ್ಜಿಯೊಬ್ಬಳು ಮಗ, ಸೊಸೆ, ಮೊಮ್ಮಗಳೊಂದಿಗೆ ಬಂದಳು. ನಾಲ್ಕು ಜನ, ನಾಲ್ಕು ಸೀಟು. ರೊಟ್ಟಿ ಮಾರುವ ಹೆಂಗಸು ಅಲ್ಲಿಂದಲೇ ಬಾಯಿ ಮಾಡಿದಳು. "ತಾಯಿ ವಯಸ್ಸಿನೋಳು ಬಿಸಿಲಲ್ಲಿ ನಿಂತವಳೆ, ನೀನು ಕೂತಿದ್ದೀಯಲ್ಲಪ್ಪಾ!"

ಮೇಷ್ಟ್ರು ಇಳಿದರು. ಅಜ್ಜಿ ನೂರು ಸಲ ಹರಸಿ ಎರ್ಗಾಶ್‌ನ ಕಾರಿನಲ್ಲಿ ಬೆಟ್ಟಕ್ಕೆ ಹೋದಳು.

ಪೆರ್ದೆಗುಲ್ ಫೋನ್ ಮಾಡಿದಳು. "ಎಲ್ಲಿದ್ದೀರಿ? ಶಾಲೆ ಮಕ್ಕಳೆಲ್ಲಾ ಮನೆಗೇ ಬಂದು ಕೂತಿದ್ದಾವೆ!"

"ದಾರಿಯಲ್ಲಿದ್ದೀನಿ ಕಣೇ," ಎಂದರು ಮೇಷ್ಟ್ರು. ನಾಚಿಕೆಯಿಂದ ಕಿವಿ ಕೆಂಪಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಇನ್ನೊಂದು ಕಾರು ಬಂತು. ಒಳಗೆ ಬೇರೆ ಮೂವರು. ಒಬ್ಬನ ತೊಡೆಯ ಮೇಲೆ ಕರಬೂಜ! ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ.

"ಒಂದೇ ಸೀಟು ಸಾರ್, ಇವತ್ತಿಗೆ ಇದೇ ಕಡೇ ಗಾಡಿ," ಎಂದ ಡ್ರೈವರ್.

"ಯಾರ ಕಿವಿಗೆ ಹೂ ಇಡ್ತೀಯಪ್ಪಾ? ಹೋಗು, ಇವರಿಗೆ ಚಹಾ ಕುಡಿಸು!" ಮೇಷ್ಟ್ರು ಕೈಕಟ್ಟಿ ನಿಂತರು.

"ನಿಮ್ಮಿಷ್ಟ," ಎಂದ ಅವನು. ಕಾರು ಹೊರಟಿತು. ತಿರುವು ದಾಟಿತು. ವಾಪಸು ಬರಲೇ ಇಲ್ಲ.

"ಅಯ್ಯೋ ತಮ್ಮಾ," ಎಂದ ಅಜ್ಜ, ಚಹಾದ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದವನು. "ಅವರು ನಿಜವಾಗ್ಲೂ ಹೋಗೋ ಜನ ಕಣೋ. ನೆಂಟರ ಮನೆಗೆ ಬರಿಗೈಲಿ ಹೋಗ್ತಾರಾ?"

ಸಂಜೆ ಎರ್ಗಾಶ್ ವಾಪಸು ಬಂದ. "ಇವತ್ತು ಬೆಟ್ಟ ಏನು ಚೆನ್ನಾಗಿತ್ತು ಅಂತೀರಿ, ಒಂದು ಮೋಡ ಇಲ್ಲ!" ಮೇಷ್ಟ್ರ ಮುಖ ನೋಡಿ ಅವನಿಗೆ ಕರುಳು ಚುರಕ್ಕೆಂದಿತು. "ರೈಲಿಗೆ ಹೊತ್ತಾಯ್ತಲ್ವಾ? ಕೂತ್ಕೊಳ್ಳಿ ಮೇಷ್ಟ್ರೇ, ಸ್ಟೇಷನ್ನಿಗೆ ನಾನೇ ಬಿಡ್ತೀನಿ."

ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಹತ್ತಿ ಕೂತರು. ಎಡಕ್ಕೆ ಅಜ್ಜ ಬಂದು ಕೂತ, ಬಲಕ್ಕೆ ಕರಬೂಜ. ಎರ್ಗಾಶ್ ಬಾಗಿಲು ಹಾಕಿ ಬೀದಿಯತ್ತ ತಿರುಗಿದ.

"ಸ್ಟೇಷನ್! ಸ್ಟೇಷನ್! ಒಂದೇ ಸೀಟು! ಕೂತ್ರೆ ಹೊರಟೆ!"