ಅಜ್ಜನ ಗಲ್ಲದ ಎಲುಬು

ಶಾಂತಾ, ಗುರು, ನಿಮ್ಮ ಅಜ್ಜನ ಮುಖವನ್ನು ನಾನು ಎಂದೂ ನೆಟ್ಟಗೆ ನೋಡಿದವಳಲ್ಲ. ನಗಬೇಡಿರಿ. ನಮ್ಮ ಕಾಲದಲ್ಲಿ ಅತ್ತೆಯ ಎದುರು ಗಂಡನನ್ನು ದಿಟ್ಟಿಸಿ ನೋಡುವುದು ಬೀದಿಯಲ್ಲಿ ನಿಂತು ಹಾಡಿದಷ್ಟೇ ನಾಚಿಕೆಗೇಡು. ಸಂಜೆ ಅವರು ಕಟ್ಟಿಗೆ ಡಿಪೋದಿಂದ ಬಂದು ಅವಲಕ್ಕಿ ತಿನ್ನಲು ಕೂತಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಕಿಟಕಿಯ ಇಳಿಬಿಸಿಲು ಅವರ ಎಡಗಣ್ಣಿನ ಕೆಳಗೆ ಉಬ್ಬಿದ ಎಲುಬಿನ ಮೇಲೆ ಬಂದು ಕೂಡುತ್ತಿತ್ತು. ಕಾಳಿ ನದಿಯ ಮಂಜಿನೊಳಗಿಂದ ಮೊದಲು ಕಾಣುವ ಗುಡ್ಡದ ನೆತ್ತಿಯ ಹಾಗೆ. ಒಲೆಯ ಮೇಲೆ ಚಹಾ ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಬಲಗಲ್ಲ ಹೇಗಿತ್ತೋ! ಅದೂ ಹಾಗೇ ಇದ್ದೀತೆಂದು ನಂಬಿಕೊಂಡೇ ಸಂಸಾರ ಮಾಡಿದೆ.

ಅವರದೊಂದು ಫೋಟೋ ಇರಲಿಲ್ಲ. "ಮುಂದಿನ ತಿಂಗಳು ತೆಗಸೂಣು" ಎನ್ನುತ್ತಲೇ ಹೋಗಿಬಿಟ್ಟರು. ನೀವು ಹುಟ್ಟಿದ್ದು ಆಮೇಲೆ. ಶಾಂತಾ, ನೀನೊಮ್ಮೆ "ಅಜ್ಜ ಹೆಂಗಿದ್ದಾ?" ಎಂದು ಕೇಳಿದಾಗ ಆ ಮುಖ ನನ್ನೊಳಗೂ ಮಸುಕಾಗುತ್ತಿದೆ ಎಂದು ಹೆದರಿದೆ. ಅದಕ್ಕೇ ನಿಮ್ಮಪ್ಪ, ದಾಂಡೇಲಿಯಲ್ಲಿ ಅಂಗಡಿಗಳ ಬೋರ್ಡು ಬರೆಯುವ ಹನುಮಂತನನ್ನು ಬಂಗೂರನಗರದ ನಮ್ಮ ಹೊಸ ಕ್ವಾರ್ಟರ್ಸಿಗೆ ಕರೆತಂದ. ನಾನು ಹೇಳಬೇಕು, ಅವನು ಬರೆಯಬೇಕು. ಮೂಗು ಬಂತು, ಮೀಸೆ ಬಂತು, ರುಮಾಲಂತೂ ಚಂದ ಬಂತು. ಎಲುಬು ಮಾತ್ರ ಬರಲೊಲ್ಲದು.

"ಯಾವ ಎಲುಬ್ರಿ ಅವ್ವಾರ?" ಎಂದ ಹನುಮಂತ.

"ಗಲ್ಲದ ಎಲುಬು" ಎಂದೆ, ನೆಲ ನೋಡುತ್ತ.

ನೋಡಲು ಬಂದಿದ್ದ ನೆರೆಯವರು ಸುಮ್ಮನಿರುತ್ತಾರೆಯೇ? ಮರಾಠಿಯ ಮಾಲತಿಬಾಯಿ "ಗಾಲಾಚಂ ಹಾಡ" ಎಂದರು. ಜೈಬುನ್ನಬಿ "ಗಾಲ್ ಕೀ ಹಡ್ಡಿ" ಎಂದಳು. ಜೋಯಿಡಾ ಕಡೆಯ ಶೇವಂತಿ ತನ್ನ ಕೊಂಕಣಿಯಲ್ಲಿ "ಪೊಲ್ಯಾಚೆಂ ಹಾಡ" ಎಂದಳು. ನಿಮ್ಮಪ್ಪ "ಚೀಕ್‌ಬೋನ್" ಎಂದ. ಹಳ್ಳಿಶಾಲೆಯ ಮಾಸ್ತರರು ಕಪೋಲ ಎಂದು ಕಲಿಸಿದ್ದು ನನಗೆ ನೆನಪಾಯಿತು. ಆದರೆ ಅದರಲ್ಲಿ ಗಲ್ಲವಿದೆ, ಎಲುಬಿಲ್ಲ. ಪಾಪ, ಯಾವ ಭಾಷೆಯೂ ಅದಕ್ಕೆ ಸ್ವಂತ ಹೆಸರಿಟ್ಟಿಲ್ಲ. ನನ್ನನ್ನು ಜನ್ಮವೆಲ್ಲ ಇಂಥವರ ಹೆಂಡತಿ ಎಂದು ಕರೆದ ಹಾಗೆ, ಅದನ್ನೂ ಗಲ್ಲದ ಹೆಸರಿನಿಂದಲೇ ಕರೆಯುತ್ತಾರೆ.

"ಹೆಸರು ರಗಡ ಬಂದುವ್ರಿ, ಎಲುಬು ಒಂದೂ ಬರಲಿಲ್ಲ" ಎಂದ ಹನುಮಂತ. "ನಾಚಬ್ಯಾಡ್ರಿ ಅವ್ವಾರ, ಬೆರಳಿಟ್ಟು ತೋರಸ್ರಿ."

ಕಣ್ಣು ಮುಚ್ಚಿ ನನ್ನ ಗಲ್ಲದ ಮೇಲೆ ಬೆರಳಿಟ್ಟೆ. "ಇಲ್ಲಿಂದ ಹಿಂಗ ಏರತಿತ್ತು... ಇಲ್ಲಿ ಬಿಸಿಲು ಬೀಳತಿತ್ತು... ಇಲ್ಲಿ ಇಳೀತಿತ್ತು." ಆ ಸಂಜೆಗಳಲ್ಲೇ ತೇಲುತ್ತ ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕಾಗದದ ಗಿರಣಿಯಲ್ಲಿ ಪಾಳಿ ಬಿಡುವ ಭೋಂಗಾ ಕೂಗಿದಾಗ ಕಣ್ಣು ತೆರೆದೆ. ಚಿತ್ರ ಮುಗಿದಿತ್ತು.

"ಅರೆ, ಇವರನ್ನ ಎಲ್ಲೋ ನೋಡೀನಲ್ಲ!" ಎಂದಳು ಜೈಬುನ್ನಬಿ. ಅವಳು ಅವರನ್ನು ಕಂಡವಳೇ ಅಲ್ಲ. ನಿಮ್ಮಪ್ಪನ ಕಣ್ಣಲ್ಲಿ ನೀರು. "ಇದ ಮುಖ ನೋಡವ್ವಾ. ದಿನಾ ನೋಡಿದಂಗ ಐತಿ."

ದಿನಾ ನೋಡದೆ ಏನು! ಮರುದಿನ ಕಟ್ಟು ಹಾಕಿಸಿ ತಂದ ಚಿತ್ರದ ಗಾಜು ಒರೆಸುವಾಗ ನನ್ನ ಮುಖದ ಪ್ರತಿಬಿಂಬ ಅದರ ಮೇಲೆ ಬಿತ್ತು. ಎಲುಬಿನ ಮೇಲೆ ಎಲುಬು ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಹನುಮಂತ ಎದುರಿಗೆ ಕಂಡ ನನ್ನ ಗಲ್ಲವನ್ನೇ ಬರೆದಿದ್ದ. ಹಬ್ಬಹಬ್ಬಕ್ಕೂ ನೀವು ಕುಂಕುಮವಿಟ್ಟು ಮಲ್ಲಿಗೆ ಮಾಲೆ ಹಾಕಿ ಕೈಮುಗಿಯುವಾಗ, ಮೂಲೆಯಲ್ಲಿ ಕೂತ ನಾನು ಸೆರಗು ಬಾಯಿಗಿಟ್ಟುಕೊಳ್ಳುವುದು ಅಳುವಿಗಲ್ಲ, ಮಕ್ಕಳೇ. ವಿಧವೆಗೆ ಬೇಡವೆಂದ ಹೂವು ಕುಂಕುಮ ನನಗೆ ಹೀಗೆ ಬರುತ್ತಿವೆ.

ಅವರ ಆ ಎಡಗಲ್ಲ ಈಗ ಇರುವುದು ನಾನು ಬರೆದಿಟ್ಟ ಈ ಹಾಳೆಗಳಲ್ಲಿ ಮಾತ್ರ. ಜೋಪಾನವಾಗಿ ಇಟ್ಟುಕೊಳ್ಳಿರಿ. ಆದರೆ ಆ ಚಿತ್ರದ ಹಿಂದೆ ಮಾತ್ರ ಸಿಕ್ಕಿಸಬೇಡಿರಿ. ಅವರಿದ್ದಾಗ ಬಾಗಿಲ ಹಿಂದೆ ನಿಂತವಳು ಈಗ ಆ ಚಿತ್ರದಲ್ಲಿ ಅವರಿಗೇ ಅಡ್ಡವಾಗಿ ಮುಂದೆ ನಿಂತುಬಿಟ್ಟಿದ್ದೇನೆ, ನಾಚಿಕೆಯಾಗುತ್ತದೆ.