ಡಬ್ಬಕ್ಕೆ ಜೀವ ಬಂದ ದಿನ

ಶಾಲೆಯ ಗುಮಾಸ್ತ ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದ. ಕಮಕ್ ಕಿಮಕ್ ಅನ್ನಲಿಲ್ಲ. ಮತ್ತೆ ಒತ್ತಿದ. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಅದು ತುಟಿ ಬಿಚ್ಚಲಿಲ್ಲ. ಮರುದಿನವೇ ಪರೀಕ್ಷೆ, ನೂರಾ ಹನ್ನೆರಡು ಮಕ್ಕಳ ಪ್ರವೇಶಪತ್ರ ಅದರ ಹೊಟ್ಟೆಯಲ್ಲಿತ್ತು. ಸಂಜೆ ನಾಲ್ಕರೊಳಗೆ ಅವು ಮಕ್ಕಳ ಕೈ ಸೇರಬೇಕಿತ್ತು.

"ವೈರಸ್ಸು ಕಣ್ರೀ," ಅಂದರು ವಿಜ್ಞಾನದ ಮೇಷ್ಟ್ರು.

"ಸೋಮಾರಿತನ," ಎಂದು ಡ್ರಿಲ್ ಮೇಷ್ಟ್ರು ಅದರ ಬೆನ್ನಿಗೆ ಎರಡು ಬಾರಿಸಿದರು.

ಗುಮಾಸ್ತ ಎದುರು ಬೀದಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ರೇಡಿಯೋ ಅಮ್ಮನನ್ನು ಕರೆಯಲು ಓಡಿದ. ಓಡುತ್ತಲೇ ಜವಾನನಿಗೆ ಕೂಗಿದ: "ಆ ಸತ್ತ ಡಬ್ಬಾನ ಲ್ಯಾಬಿನ ಮೇಜಿನ ಮೇಲಿಡಪ್ಪಾ!"

ರೇಡಿಯೋ ಅಮ್ಮನಿಗೆ ಅರವತ್ತು ದಾಟಿತ್ತು. ಆಕೆ ಡಬ್ಬದ ಮುಚ್ಚಳ ತೆಗೆದು, ಧೂಳು ಊದಿ, "ಏನು ತಮ್ಮಾ, ಇದರೊಳಗೆ ಬಿತ್ತನೆ ಮಾಡ್ಬೇಕು ಅಂತಿದ್ಯಾ?" ಎಂದಳು. ಗುಮಾಸ್ತ ನಾಚಿ ನೆಲ ನೋಡಿದ.

ಆದರೆ ಒಳಗೆ ಇಣುಕಿದವನಿಗೆ ಕಣ್ಣು ಕೀಳಲಾಗಲಿಲ್ಲ. ಗುಡ್ಡದ ಮೇಲಿಂದ ಕಂಡ ಊರಿನಂತಿತ್ತು ಒಳಗಿನ ಹಸಿರು ಸರ್ಕ್ಯೂಟ್ ಹಲಗೆ. ಕೂದಲೆಳೆಯಷ್ಟು ತೆಳ್ಳಗಿನ ದಾರಿಗಳು, ಒಂದಕ್ಕೊಂದು ತಾಗದೆ, ಎಲ್ಲಿಗೋ ಹೊರಟಿದ್ದವು. ಹನ್ನೆರಡು ವರ್ಷ ಇಂಥದ್ದರ ಮುಂದೆ ಕೂತು ತಾನು ಬೈದದ್ದೇ ಬಂತಲ್ಲ ಅನಿಸಿತು.

ಅಮ್ಮ ಡಬ್ಬದೊಳಗಿನ ಕರೆಂಟಿನ ಪೆಟ್ಟಿಗೆಯ ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ಪೇಪರ್ ಕ್ಲಿಪ್ಪು ಸಿಕ್ಕಿಸಿದಳು. ಪೆಟ್ಟಿಗೆಯ ಫ್ಯಾನು ಗಿರ್ರೆಂದಿತು.

"ಅನ್ನ ಬರ್ತಿದೆ. ಉಣ್ಣೋಕೆ ಬಾಯಿ ಕೆಟ್ಟಿದೆ," ಅಂದಳು. ಕರೆಂಟು ಅಳೆಯುವ ಮೀಟರಿನ ಸೂಜಿಗಳನ್ನು ಹಲಗೆಯ ಮೇಲೆ ಅಲ್ಲಲ್ಲಿ ಊರುತ್ತ, ವೈದ್ಯೆ ನಾಡಿ ಹಿಡಿದಂತೆ ಕಣ್ಣು ಮುಚ್ಚಿದಳು. ಮೇಷ್ಟ್ರುಗಳೂ ಸುತ್ತ ಬಗ್ಗಿ ನಿಂತರು.

"ಅಮ್ಮಾ, ಆ ಸಣ್ಣ ಡಬ್ಬಿಗಳ ತಲೆ ಯಾಕೆ ಉಬ್ಬಿದೆ?" ಗುಮಾಸ್ತ ಪಿಸುಗುಟ್ಟಿದ.

ಅಮ್ಮ ಅವನನ್ನೇ ದಿಟ್ಟಿಸಿದಳು. "ಭಲೇ! ಅವೇ ಕಳ್ಳರು. ಕೆಪಾಸಿಟರ್ ಅಂತಾರೆ. ದೀಪ ಹಿಡಿ."

ಅವನು ದೀಪ ಹಿಡಿದ; ಅವಳು ಬೆಸುಗೆ ಹಾಕುವ ಕಾದ ಕಡ್ಡಿ ಹಿಡಿದಳು. ಬೆಸುಗೆಯ ಸೀಸ ಬೆಳ್ಳಿಯ ಹನಿಯಾಗಿ ಕರಗಿತು. ಉಬ್ಬಿದ ಐದು ಹೋದವು, ಹೊಸ ಐದು ಕೂತವು. ಡಬ್ಬವನ್ನು ಲ್ಯಾಬಿನ ಪರದೆಗೆ ಜೋಡಿಸಿ, "ನೀನೇ ಒತ್ತು," ಅಂದಳು.

ಒತ್ತಿದ. ಬೀಪ್! ಪರದೆ ಬೆಳಗಿತು. ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಗುಮಾಸ್ತನ ಕಣ್ಣಲ್ಲಿ ನೀರು.

ಪ್ರವೇಶಪತ್ರದ ಪಟ್ಟಿ ತೆರೆದ. ಒಂದು ಹೆಸರೂ ಗುರುತಿಲ್ಲ. ಮೇಲೆ ಹದಿನೈದು ವರ್ಷದ ಹಿಂದಿನ ಇಸವಿ.

"ಇದ್ಯಾವ ಡಬ್ಬಾನೋ?"

"ನೀವೇ ಹೇಳಿದ್ರಲ್ಲ ಸಾರ್, ಸತ್ತ ಡಬ್ಬ ಅಂತ," ಅಂದ ಜವಾನ. "ಉಗ್ರಾಣದಿಂದ ಹೊತ್ಕೊಂಡು ಬಂದೆ."

"ಹಾಗಾದ್ರೆ ನನ್ನದು?"

"ನಿಮ್ಮ ಮೇಜಿನ ಕೆಳಗೇ ಇದೆ."

ಎಲ್ಲರೂ ಕಚೇರಿಗೆ ಓಡಿದರು. ಅಮ್ಮ ಬಗ್ಗಿ ನೋಡಿ, ಗೋಡೆಯಲ್ಲಿ ಸಡಿಲವಾಗಿದ್ದ ಪ್ಲಗ್ಗನ್ನು ಹೆಬ್ಬೆರಳಲ್ಲಿ ಒತ್ತಿದಳು. ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ಪ್ರವೇಶಪತ್ರಗಳು ಮೂರೂವರೆಗೇ ಮಕ್ಕಳ ಕೈ ಸೇರಿದವು.

ಗುಮಾಸ್ತ ಉಸ್ಸೆಂದು ಕೂತ. ಅಷ್ಟರಲ್ಲಿ ಹೆಡ್ ಮೇಡಂ ಬಂದರು. ಅವರ ಮುಖದಲ್ಲಿ ಅವನು ಹಿಂದೆಂದೂ ಕಾಣದ ಭಕ್ತಿಯಿತ್ತು.

"ಕಾಯಿಲೆ ಕಂಡುಹಿಡಿದದ್ದೇ ನೀವಂತೆ! ಇಂಥ ಕೈಯನ್ನ ಇಷ್ಟು ವರ್ಷ ಗುಮಾಸ್ತಿಕೇಲಿ ಕೊಳೆಸಿದೆವಲ್ರೀ. ರಜೆ ಶುರುವಾಗ್ತಿದ್ದ ಹಾಗೆ ಉಗ್ರಾಣದಲ್ಲಿ ಉಳಿದವನ್ನೂ ಎಬ್ಬಿಸಿಬಿಡಿ."

"ಉಳಿದವು... ಎಷ್ಟು ಮೇಡಂ?"

ಬಾಗಿಲಲ್ಲಿ ಧಡ್ ಎಂದು ಸದ್ದಾಯಿತು. ಜವಾನ ಇನ್ನೊಂದು ಸತ್ತ ಡಬ್ಬ ಇಳಿಸಿ, ಬೆವರೊರೆಸಿಕೊಂಡ.

"ಇನ್ನೂ ಇಪ್ಪತ್ತೆರಡಿವೆ ಸಾರ್."