ತೀರ್ಥರಾಮ ಬ್ರೇಕ್ ಹಾಕದ ದಿನ

ಎಲ್ಲದಕ್ಕೂ ಕಾರಣ ತೀರ್ಥರಾಮನ ಬಲಗಾಲು. ಐವರ್ನಾಡಿನಿಂದ ಪುತ್ತೂರಿನವರೆಗೆ ರಸ್ತೆ ಬದಿಯಲ್ಲಿ ಗುರುತಿನವರು ಯಾರು ಕಂಡರೂ ಅದು ತಾನಾಗಿಯೇ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು. ಪಾಪ, ಅವನನ್ನೂ ಬೈಯುವ ಹಾಗಿಲ್ಲ. ಇವರು ಜ್ವರ ಬಂದಾಗ ಗಂಜಿ ತಂದುಕೊಟ್ಟವರು, ಅವರು ಕಾರು ಚರಂಡಿಗೆ ಇಳಿದಾಗ ಎತ್ತಿದವರು. ಉಪಕಾರ ಮರೆಯುವ ಮನುಷ್ಯನಲ್ಲ ತೀರ್ಥರಾಮ. ಕಂಡ ಕೂಡಲೇ ಗಕ್ಕನೆ ನಿಲ್ಲಿಸಿ, "ಬನ್ನಿ, ಕೂತ್ಕೊಳ್ಳಿ" ಅನ್ನಲೇಬೇಕು.

ಇನ್ಶೂರೆನ್ಸ್ ಕಂಪನಿಯ ಆ್ಯಪಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು! ಅದು ಮೊಬೈಲಿನೊಳಗೆ ಕೂತು ಕಾರು ಓಡಿಸುವುದಕ್ಕೆ ಮಾರ್ಕು ಹಾಕುತ್ತದೆ. ಗಕ್ಕನೆ ಬ್ರೇಕ್ ಹೊಡೆದರೆ ಮಾರ್ಕು ಕಟ್, ಜೋರು ಹೋದರೆ ಕಟ್, ಓಡಿಸುವಾಗ ಮೊಬೈಲ್ ಮುಟ್ಟಿದರೂ ಕಟ್. ಎಂಬತ್ತು ಉಳಿದರೆ ಮಾತ್ರ ಹೊಸ ಪಾಲಿಸಿಗೆ ಡಿಸ್ಕೌಂಟು. ತೀರ್ಥರಾಮನದ್ದು ಜಾರಿ ಜಾರಿ ಸರಿಯಾಗಿ ಎಂಬತ್ತಕ್ಕೆ ಬಂದು ನಿಂತಿತ್ತು. ಇವತ್ತೇ ಕೊನೆಯ ದಿನ.

"ನಿಮ್ಮ ಡ್ರೈವಿಂಗಿಗೆ ಡಿಸ್ಕೌಂಟಾ?" ಹೆಂಡತಿ ಕಮಲಾವತಿ ನಕ್ಕಿದ್ದಳು. "ನೀವು ತಂದ ಮೊಸರು ಮನೆಗೆ ಮುಟ್ಟುವಾಗ ಮಜ್ಜಿಗೆ ಆಗಿರ್ತದೆ. ಡಿಸ್ಕೌಂಟು ಹೋದ್ರೆ ಕಾರಿನ ಕೀ ನನ್ನ ಕೈಗೆ. ನನಗೂ ಲೈಸೆನ್ಸ್ ಉಂಟು. ನೀವು ಪಕ್ಕದಲ್ಲಿ ಕೂತು ಎಲ್ಲರಿಗೂ ಟಾಟಾ ಮಾಡಿ."

ಡ್ರೈವರ್ ಸೀಟು ಬಿಟ್ಟರೆ ತೀರ್ಥರಾಮನಿಗೆ ಭೂಮಿಯ ಮೇಲೆ ಬೇರೆ ಸಿಂಹಾಸನ ಇರಲಿಲ್ಲ. ಬೆಳಿಗ್ಗೆಯೇ ಕಬಕದ ಏಜೆಂಟ್ ಜಯಪ್ರಕಾಶನ ಆಫೀಸಿಗೆ ಹೊರಟ. "ಮೊಬೈಲ್ ಬ್ಯಾಗಿಗೆ ಹಾಕು ಮಾರಾಯ್ತಿ, ನಾನು ಮುಟ್ಟುದಿಲ್ಲ" ಅಂದ.

"ಹಾಕ್ತೇನೆ" ಎಂದಳು ಅವಳು ಅಡುಗೆಮನೆಯಿಂದ. ಅವನು ಬ್ಯಾಗನ್ನು ಹಿಂದಿನ ಸೀಟಿಗೆ ಹಾಕಿ ಹೊರಟೇಬಿಟ್ಟ.

ಬಸ್‌ಸ್ಟಾಂಡಿನ ಹತ್ತಿರ ಗಂಜಿ ಕೊಟ್ಟ ಶಂಕರಿ ಅಕ್ಕ ಕೈ ತೋರಿಸಿದರು. ನಿಧಾನಕ್ಕೆ ನಿಲ್ಲಿಸಬಹುದಿತ್ತು, ಆದರೆ ಆ ಬಲಗಾಲಿನ ಮೇಲೆ ಅವನಿಗೇ ನಂಬಿಕೆಯಿಲ್ಲ. ಆಕ್ಸಿಲರೇಟರಿನಿಂದ ಕಾಲೆತ್ತಿ ಕಾರನ್ನು ಆಮೆಯ ಹಾಗೆ ಬಿಟ್ಟು, "ಅಕ್ಕಾ, ಇವತ್ತು ಬ್ರೇಕ್ ಇಲ್ಲ! ನಡ್ಕೊಂಡೇ ಹತ್ತಿ!" ಎಂದು ಕೂಗಿದ.

"ಅಯ್ಯೋ ದೇವರೇ, ಬ್ರೇಕ್ ಹೋಗಿದಾ?" ಎಂದು ಅಕ್ಕ ಸೆರಗು ಕಚ್ಚಿ, ಹಾರಿ ಕೂತರು. ಬೆಳ್ಳಾರೆಯಲ್ಲಿ ಚರಂಡಿಯಿಂದ ಕಾರು ಎತ್ತಿದ ದುಗ್ಗಪ್ಪ ಮಾವ ಕೊಡೆ ಸಮೇತ ಹಾಗೆಯೇ ಹತ್ತಿದರು. ವಿಷಯ ಕೇಳಿ ಇಬ್ಬರಿಗೂ ಹುರುಪು ಬಂತು. ಅಕ್ಕ ಎಡಗಡೆ, ಮಾವ ಬಲಗಡೆ ಕಾವಲು ಕೂತರು.

"ಎದುರು ಹಂಪ್ ಉಂಟು! ಈಗಲೇ ಸ್ಲೋ ಮಾಡು!"

"ದನ, ದನ! ಅದು ದಾಟ್ತದೆ, ಮುಖ ನೋಡಿದ್ರೆ ಗೊತ್ತಾಗ್ತದೆ!"

ಇಂಥ ಜನ ಸಿಗಲು ಪುಣ್ಯ ಬೇಕು ಎಂದು ತೀರ್ಥರಾಮನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಹಿಂದಿನಿಂದ "ಪೋಂ ಪೋಂ ಪೋಂ!" ಊರಿಗೆ ಮೀನು ತರುವ ಸಾಹುಲ್ ಹಮೀದನ ಟೆಂಪೋ ಧೂಳೆಬ್ಬಿಸಿಕೊಂಡು ಬಂತು. ಓವರ್‌ಟೇಕ್ ಮಾಡಿತು, ಮುಂದೆ ಹೋಗಿ ಕಿರ್ರನೆ ನಿಂತಿತು. ಹಮೀದ್ ಕಿಟಕಿಯಿಂದ ಕೈ ಬೀಸಿದ.

"ಇವತ್ತು ಸಂಕ್ರಮಣ ಹಮೀದ್! ಮೀನು ಬೇಡ!" ಎಂದು ಕೂಗಿ ತೀರ್ಥರಾಮ ಪಕ್ಕದಿಂದ ನಾಜೂಕಾಗಿ ದಾಟಿಸಿದ.

ಪುನಃ ಪೋಂ ಪೋಂ. ಪುನಃ ಓವರ್‌ಟೇಕ್, ಪುನಃ ಕಿರ್ರ್. ಪುತ್ತೂರು ಬರುವವರೆಗೂ ಇದೇ ಕತೆ.

"ಸಂಕ್ರಮಣಕ್ಕೆ ನಾವು ಮೀನು ತಿನ್ನುದಿಲ್ಲ ಅಂತ ಅವನಿಗೆ ಗೊತ್ತಿಲ್ವಾ? ಎಂತ ಯಾಪಾರ ಮಾರಾಯ್ರೆ ಇದು!" ಎಂದರು ಶಂಕರಿ ಅಕ್ಕ.

"ಆ ಆ್ಯಪ್ ಇಂಥವರಿಗೆ ಹಾಕ್ಬೇಕು," ಎಂದರು ದುಗ್ಗಪ್ಪ ಮಾವ. "ಒಂದು ಮಾರ್ಕು ಉಳಿಲಿಕ್ಕಿಲ್ಲ."

ಪುತ್ತೂರು ಪೇಟೆಯ ಗಲಾಟೆಯಲ್ಲಿ ಟೆಂಪೋ ಹಿಂದೆ ಬಿತ್ತು. ಕಾರು ಕಬಕಕ್ಕೆ ಬೆಣ್ಣೆಯ ಹಾಗೆ ಬಂದು ನಿಂತಿತು. ತೀರ್ಥರಾಮ ಇಬ್ಬರಿಗೂ ಕೈ ಮುಗಿದ. "ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೀಲಿಕ್ಕಿಲ್ಲ."

"ಮೊಬೈಲ್ ಕೊಡಿ ತೀರ್ಥರಾಮಣ್ಣ, ಮಾರ್ಕು ನೋಡುವ" ಎಂದ ಜಯಪ್ರಕಾಶ.

ಬ್ಯಾಗಿನಲ್ಲಿ ಆರ್‌ಸಿ ಇತ್ತು, ನೀರಿನ ಬಾಟಲಿ ಇತ್ತು, ಮುಖ ಒರೆಸುವ ಬೈರಾಸು ಇತ್ತು. ಮೊಬೈಲ್ ಇರಲಿಲ್ಲ.

ಹೊರಗೆ ಪೋಂ ಪೋಂ. ಹಮೀದ್ ಬೆವರು ಒರೆಸುತ್ತಾ ಒಳಗೆ ನುಗ್ಗಿದ. ಅವನ ಕೈಯಲ್ಲಿ ತೀರ್ಥರಾಮನ ಮೊಬೈಲ್!

"ಎಂತ ಜನ ಅಣ್ಣ ನೀವು! ಕಮಲಾವತಿ ಅಕ್ಕ ರಸ್ತೆಗೆ ಓಡಿ ಬಂದು ಕೊಟ್ಟದ್ದು. 'ಇದು ಕಾರಲ್ಲಿ ಇಲ್ಲದಿದ್ರೆ ಅವರ ಡಿಸ್ಕೌಂಟು ಹೋಗ್ತದೆ, ಹೇಗಾದ್ರೂ ಮುಟ್ಟಿಸು' ಅಂತ. ಗಿರಾಕಿಗಳನ್ನೆಲ್ಲ ಬಿಟ್ಟು ಬಂದೆ. ಈ ಮೊಬೈಲ್ ಬೇರೆ, ದಾರಿ ಉದ್ದಕ್ಕೂ ಟಿಂಗ್ ಟಿಂಗ್ ಅಂತ ಬೊಬ್ಬೆ. ಅಷ್ಟು ಅರ್ಜೆಂಟ್ ಉಂಟೋ ಏನೋ ಅಂತ ನಾನು ಇನ್ನೂ ಜೋರು ಬಿಟ್ಟೆ!"

ಜಯಪ್ರಕಾಶ ಆ್ಯಪ್ ತೆರೆದು ನೋಡಿದ. ತೀರ್ಥರಾಮನಿಗೆ ಕುರ್ಚಿ ಎಳೆದುಕೊಟ್ಟ. ನಲ್ವತ್ತೊಂದು.

ತೀರ್ಥರಾಮ ಹಮೀದನನ್ನು ನೋಡಿದ. ಹೊರಗೆ ಟೆಂಪೋದಿಂದ ಕರಗಿದ ಐಸಿನ ನೀರು ತೊಟ್ಟಿಕ್ಕುತ್ತಿತ್ತು. ಇಷ್ಟು ಮಾಡಿದವನಿಗೆ ಬೈಯಲು ಬಾಯಿ ಹೇಗೆ ಬಂದೀತು? ಅವನ ಕೈ ಹಿಡಿದು, "ದೊಡ್ಡ ಉಪಕಾರ ಆಯ್ತು ಹಮೀದ್" ಎಂದ. ಹಾಳಾಗಿ ಹೋಗಲಿ, ಅದು ಮನಸ್ಸಿನಿಂದಲೇ ಬಂದ ಮಾತು.

ಮೊಬೈಲ್ ರಿಂಗಾಯಿತು. ಕಮಲಾವತಿ.

"ಸಿಕ್ಕಿತಾ? ಹಮೀದನಿಗೆ ಥ್ಯಾಂಕ್ಸ್ ಹೇಳಿದ್ರಾ?"

"ಹೇಳಿದೆ. ನಿನಗೂ ಉಪಕಾರ ಆಯ್ತು ಮಾರಾಯ್ತಿ," ಎಂದ ತೀರ್ಥರಾಮ. "ಈ ಕೀ ಮನೆಗೆ ಬಂದು ಮೊಳೆಗೆ ಹಾಕುದಾ, ನಿನ್ನ ಕೈಗೇ ಕೊಡುದಾ?"